ಉಪ್ಪಿನಕಾಯಿಗೆಂದು ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಾವಿನ ಮಿಡಿ ಮೆತ್ತಗಾಗುತ್ತಿದ್ದರೆ
ಕೆಜಿ ಮಿಡಿಗೆ 100 ಗ್ರಾಂ ಉಪ್ಪು ಹಾಕಿ, ವಾರವಾದರೂ ಮಿಡಿ ಚಿರುಟದೆ ಬಿಳಿ ಪೊರೆ ಕಟ್ಟಿದ್ದರೆ, ಉಪ್ಪು ಕಡಿಮೆಯಾದದ್ದೇ ಬಹುಮಟ್ಟಿಗೆ ಕಾರಣ. ಕೆಜಿಗೆ 250 ಗ್ರಾಂ ಹರಳುಪ್ಪಾದರೂ ಬೇಕು. ತೊಳೆದ ಮಿಡಿಯಲ್ಲಿ ನೀರಿನ ಪಸೆ ಉಳಿದಿದ್ದರೂ ಹೀಗಾಗುತ್ತದೆ.

ಹಸಿರು, ಕಪ್ಪು ಬೂಷ್ಟು ಅಥವಾ ಕೊಳೆತ ವಾಸನೆ ಇದ್ದರೆ ಎಲ್ಲ ಚೆಲ್ಲಿ. ಬರೀ ಬಿಳಿ ಪೊರೆಯಾದರೆ ತೆಗೆದುಹಾಕಿ, ಮಿಡಿಗಳನ್ನು ಒಂದೊಂದೇ ಒತ್ತಿ ನೋಡಿ. ಮೆತ್ತಗಿದ್ದದ್ದು, ತೊಟ್ಟಿನ ಬುಡ ಕಪ್ಪಾದದ್ದು ಎಸೆಯಿರಿ, ಕನಿಕರ ಬೇಡ. ರಸ ಸೋಸಿ, ಕಡಿಮೆಬಿದ್ದ ಉಪ್ಪು ಸೇರಿಸಿ, ಕುದಿಸಿ, ಪೂರ್ತಿ ಆರಿಸಿ. ಒಣ ಭರಣಿಗೆ ಗಟ್ಟಿ ಮಿಡಿ ತುಂಬಿ, ಮುಳುಗುವಷ್ಟು ರಸ ಹೊಯ್ದು, ಮೇಲೆ ತೊಳೆದೊಣಗಿಸಿದ ಕಲ್ಲು ಹೇರಿ. ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಿ. ಚೆನ್ನಾಗಿ ಚಿರುಟಿದ ಮೇಲೆಯೇ ಸಾಸಿವೆ-ಮೆಣಸಿನ ಖಾರ. ನೆಲಕ್ಕುದುರಿದ ಮಿಡಿಯಾಗಿದ್ದರೆ ಮಾತ್ರ ಎಷ್ಟು ಉಪ್ಪು ಸುರಿದರೂ ನಿಲ್ಲುವುದು ಕಷ್ಟ.