ಗಣಿತ ಓದದವರಿಗೂ ಅರ್ಥವಾಗುವ, ಆದರೆ ನಂಬೋಕೆ ಕಷ್ಟವಾಗುವ ವಿಷಯ ಯಾವುದಾದರೂ ಇದೆಯಾ?

ಇದೆ. ಸಂಖ್ಯೆಗಳ ಮೊದಲ ಅಂಕಿಯ ಬಗ್ಗೆ ಒಂದು ನಿಯಮ. ಗಣಿತ ಓದದವರಿಗೂ ಅಂದಿದ್ದೀರಲ್ಲ, ಹಾಗಾಗಿ ಸೂತ್ರ ಗೀತ್ರ ಬಿಟ್ಟು ನಮ್ಮ ಚಿಕ್ಕಪ್ಪ ಹಲಸಿನ ಹಪ್ಪಳ ಸೋತ ಕತೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಅಜ್ಜ ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಒಂದು ರೇನ್‌ಗೇಜ್ ಇಟ್ಟಿದ್ದರು. ದಿನಾ ಬೆಳಗ್ಗೆ ಕೊಡೆ ಹಿಡಿದು ಹೋಗಿ, ಅಳೆದು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದ ಮೇಲೇ ಕಾಫಿ. ಲೆಕ್ಕ ಇಂಚು, ಸೆಂಟ್‌ಗಳಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. 2-40 ಅಂತ ಬರೆದಿದ್ದರೆ ಎರಡು ಇಂಚು ನಲವತ್ತು ಸೆಂಟ್. ಅಜ್ಜ ಹೋದ ಮೇಲೆ ಚಿಕ್ಕಪ್ಪ ಅದನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ.

ಒಂದು ವರ್ಷ ಆರಿದ್ರಾ ಮಳೆ ಹೆಸರಿಗೆ ತಕ್ಕ ಹಾಗೆ ಆರದೆ ಹೊಯ್ಯುತ್ತಿತ್ತು. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಮೊಬೈಲ್ ಸತ್ತಿತ್ತು. ಚಿಕ್ಕಮ್ಮ ಕೆಂಡದ ಮೇಲೆ ಹಪ್ಪಳ ಸುಡುತ್ತಿದ್ದರು. ನಾನು ಸುಮ್ನೆ ಒಂದು ಪಂಥ ಕಟ್ಟಿದೆ.

“ಚಿಕ್ಕಪ್ಪ, ಚಿಕ್ಕಮ್ಮ ಕಣ್ಣು ಮುಚ್ಚಿ ಮಳೆ ಪುಸ್ತಕ ತೆಗೆದು ಒಂದು ದಿನದ ಮೇಲೆ ಬೆರಳಿಡಲಿ. ಆ ದಿನದ ಲೆಕ್ಕದ ಮೊದಲ ಅಂಕಿ ಒಂದು, ಎರಡು ಅಥವಾ ಮೂರು ಆದರೆ ಹಪ್ಪಳ ನನಗೆ. ನಾಲ್ಕರಿಂದ ಒಂಬತ್ತರವರೆಗೆ ಯಾವುದು ಬಂದರೂ ನಿಮಗೆ. ಮುಂದಿರುವ ಸೊನ್ನೆ ಲೆಕ್ಕಕ್ಕಿಲ್ಲ, ಮಳೆ ಇಲ್ಲದ ದಿನ ಬಿಟ್ಟುಬಿಡೋಣ.”

ಚಿಕ್ಕಪ್ಪ ನನ್ನನ್ನು ಕನಿಕರದಿಂದ ನೋಡಿದರು. “ನಿನಗೆ ಮೂರು, ನನಗೆ ಆರು. ನಿನ್ನನ್ನು ಡಿಗ್ರಿ ಓದಿಸಿದ್ದು ದಂಡ ಆಯ್ತಲ್ಲ ಮಾರಾಯ.”

ಮೂವತ್ತು ಸಲ ಆಡಿದೆವು. ಹತ್ತೊಂಬತ್ತು ಹಪ್ಪಳ ನನ್ನ ಕಡೆ ಬಂತು. ಎಲ್ಲಾ ನಾನೇ ತಿನ್ನಲಿಲ್ಲ, ಬಿಡಿ.

ಇದು ಅದೃಷ್ಟ ಅಲ್ಲ. ಜಗತ್ತಿನ ಬಹಳಷ್ಟು ಲೆಕ್ಕಗಳಲ್ಲಿ, ಅಂದರೆ ಊರುಗಳ ಜನಸಂಖ್ಯೆ, ನದಿಗಳ ಜಲಾನಯನದ ವಿಸ್ತಾರ, ಅಂಗಡಿ ಬಿಲ್ಲು, ಇಂಥವುಗಳಲ್ಲಿ, ಒಂಬತ್ತೂ ಅಂಕಿಗಳು ಸಮನಾಗಿ ಮೊದಲ ಜಾಗಕ್ಕೆ ಬರುವುದಿಲ್ಲ. 100 ಸಂಖ್ಯೆ ತೆಗೆದರೆ ಸುಮಾರು 30 ‘1’ರಿಂದ ಶುರುವಾಗುತ್ತವೆ. ‘2’ರಿಂದ ಸುಮಾರು 18, ‘3’ರಿಂದ 12 ಅಥವಾ 13. ಹೀಗೆ ಇಳಿಯುತ್ತಾ ‘9’ಕ್ಕೆ ಬರುವಾಗ ಐದೂ ಇರುವುದಿಲ್ಲ. ಮೊದಲ ಮೂರನ್ನು ಕೂಡಿಸಿ ನೋಡಿ, 60 ದಾಟುತ್ತದೆ. ಚಿಕ್ಕಪ್ಪ ಸೋತಿದ್ದು ಅಲ್ಲೇ.

ಇದನ್ನು ಮೊದಲು ಗಮನಿಸಿದ್ದು ಸೈಮನ್ ನ್ಯೂಕಂಬ್ ಎಂಬ ಅಮೆರಿಕದ ಖಗೋಳ ವಿಜ್ಞಾನಿ, 1881ರಲ್ಲಿ. ಪಿಯುಸಿಯಲ್ಲಿ ಲಾಗ್ ಟೇಬಲ್, ಅಂದರೆ ದೊಡ್ಡ ಗುಣಾಕಾರ ಭಾಗಾಕಾರಕ್ಕೆ ನೋಡುವ ಅಂಕಿಗಳ ಪುಸ್ತಕ, ಹಿಡಿದವರಿಗೆ ಗೊತ್ತು, ಅದು ಸಣ್ಣ ಅಂಕಿಗಳಿಂದ ಶುರುವಾಗಿ ಒಂಬತ್ತರ ಕಡೆ ಮುಗಿಯುತ್ತದೆ. ಎಲ್ಲರೂ ಕೈಯಾಡಿಸುವ ಆ ಪುಸ್ತಕದ ಮೊದಲ ಹಾಳೆಗಳು ಮಾಸಿ ಹೋಗಿದ್ದವು, ಕೊನೆಯವು ಹೊಸದರ ಹಾಗೆ ಇದ್ದವು. ಜನ ಒಂದರಿಂದ ಶುರುವಾಗುವ ಸಂಖ್ಯೆಗಳನ್ನೇ ಜಾಸ್ತಿ ಹುಡುಕುತ್ತಿದ್ದಾರೆ ಅಂತ ಅವರಿಗೆ ಹೊಳೆಯಿತು. (ನನ್ನ ಲಾಗ್ ಟೇಬಲ್ ಎಲ್ಲಾ ಕಡೆ ಒಂದೇ ಸಮ ಮಾಸಿತ್ತು. ಅದು ಕ್ಯಾಂಟೀನ್ ಬೋಂಡಾದ ಎಣ್ಣೆ.) 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ಎಂಬ ಭೌತವಿಜ್ಞಾನಿ ಇಪ್ಪತ್ತು ಬಗೆಯ ಪಟ್ಟಿಗಳಿಂದ 20,000ಕ್ಕೂ ಜಾಸ್ತಿ ಸಂಖ್ಯೆ ಒಟ್ಟುಮಾಡಿ ಎಣಿಸಿದರು. ಕೂತು ಎಣಿಸಿದವರಿಗೆ ಹೆಸರು ಸಿಕ್ಕಿತು. ಈಗಲೂ ಇದಕ್ಕೆ ಬೆನ್‌ಫರ್ಡ್ ನಿಯಮ ಅಂತಲೇ ಹೆಸರು.

ಯಾಕೆ ಹೀಗೆ? ನಮ್ಮ ಕಡೆಯವರಿಗೆ ಅಡಿಕೆ ದರದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಕ್ವಿಂಟಾಲ್ ರಾಶಿ ಅಡಿಕೆಗೆ 10,000 ರೂಪಾಯಿ ಇದೆ, ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರುತ್ತದೆ ಅಂತ ಇಟ್ಟುಕೊಳ್ಳಿ. (ಅಡಿಕೆ ದರ ಹಾಗೆ ನೆಟ್ಟಗೆ ಏರಿದ್ದು ನಮ್ಮ ಜನ್ಮದಲ್ಲಿ ನೋಡಿಲ್ಲ. ಲೆಕ್ಕಕ್ಕಾಗಿ ಒಪ್ಪಿಕೊಳ್ಳಿ.) 10,000 ಇದ್ದದ್ದು 20,000 ಆಗಬೇಕಾದರೆ ದರ ಡಬಲ್ ಆಗಬೇಕು. ಅದಕ್ಕೆ ಏಳು ವರ್ಷದ ಮೇಲೆ ಬೇಕು. ಅಷ್ಟೂ ವರ್ಷ ಮಂಡಿಯ ಬೋರ್ಡಿನಲ್ಲಿ ಮೊದಲ ಅಂಕಿ ಒಂದೇ. 20,000ದಿಂದ 30,000ಕ್ಕೆ ನಾಲ್ಕೂಕಾಲು ವರ್ಷ ಸಾಕು. ಕೊನೆಗೆ 90,000ದಿಂದ ಲಕ್ಷಕ್ಕೆ? ಒಂದು ವರ್ಷ, ಮೇಲೆ ಒಂದೆರಡು ತಿಂಗಳು ಅಷ್ಟೆ. ಲಕ್ಷ ಮುಟ್ಟಿದ ಕೂಡಲೇ ಮತ್ತೆ ‘1’ ಬಂದು ಕೂರುತ್ತದೆ, ಇನ್ನೊಂದು ಏಳು ವರ್ಷ ಏಳುವುದಿಲ್ಲ. ಒಟ್ಟು ಇಪ್ಪತ್ನಾಲ್ಕು ಚಿಲ್ಲರೆ ವರ್ಷದಲ್ಲಿ ಏಳೂಕಾಲು ವರ್ಷ ಒಂದರದ್ದು. ಭಾಗಿಸಿ ನೋಡಿ, ನೂರಕ್ಕೆ ಮೂವತ್ತೇ ಬರುತ್ತದೆ.

ನಾವು ಅಂಕಿಗಳನ್ನು ಬೆರಳಲ್ಲಿ ಎಣಿಸಿ ಕಲಿತವರು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಹೆಜ್ಜೆ ಎಲ್ಲಾ ಸಮ ಅನಿಸುತ್ತದೆ. ಆದರೆ ದುಡ್ಡು, ಊರು, ಸಾಲದ ಬಡ್ಡಿ ಯಾವುದೂ ಕೂಡಿಸಿಕೊಂಡು ಬೆಳೆಯುವುದಿಲ್ಲ, ಗುಣಿಸಿಕೊಂಡು ಬೆಳೆಯುತ್ತವೆ. ಮಳೆ ಹಾಗೆ ವರ್ಷ ವರ್ಷ ಬೆಳೆಯುವುದಿಲ್ಲ ನಿಜ. ಆದರೆ ಗಾಳಿ, ತೇವ, ಘಟ್ಟದ ಎತ್ತರ ಒಂದನ್ನೊಂದು ಗುಣಿಸಿದ ಹಾಗೆ ಕೆಲಸ ಮಾಡುತ್ತವೆ. ಒಂದು ದಿನ ಮೂರು ಸೆಂಟ್, ಇನ್ನೊಂದು ದಿನ ಹತ್ತು ಇಂಚು. ಅಷ್ಟು ಹರವು ಇದ್ದರೆ ನಿಯಮ ತಾನಾಗಿ ಹತ್ತಿರ ಬರುತ್ತದೆ.

ಸೋತ ಚಿಕ್ಕಪ್ಪ ಸುಮ್ಮನಿರುವವರಲ್ಲ. “ಇಂಚು ಬ್ರಿಟಿಷರದ್ದು. ಮಿಲಿಮೀಟರಿಗೆ ಹಾಕು, ನಿನ್ನ ಆಟ ಮುಗೀತದೆ” ಅಂದರು.

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಚೆಂದದ ಭಾಗ ಇದೇ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಒಂದು ಇಂಚಿನ ಮಳೆ 25.4 ಆಗಿಬಿಟ್ಟಿತು, ‘1’ ಹೋಗಿ ‘2’ ಬಂತು. ಹಾಗೆ ಹಳೆಯ ಒಂದುಗಳೆಲ್ಲಾ ಜಾಗ ಖಾಲಿ ಮಾಡುತ್ತವೆ. ಅವು ಬಿಟ್ಟ ಜಾಗಕ್ಕೆ ಯಾರು ಬರುತ್ತಾರೆ? 40 ಸೆಂಟ್ ಬಿದ್ದ ದಿನ 10.16 ಮಿಲಿಮೀಟರ್ ಆಗುತ್ತದೆ. 78 ಸೆಂಟ್ ಬಿದ್ದ ದಿನ 19.8. ಅಂದರೆ ಸುಮಾರು ನಾಲ್ಕರಿಂದ ಎಂಟರ ಹತ್ತಿರದವರೆಗೆ ಇದ್ದವರೆಲ್ಲಾ ಈಗ ಒಂದರ ಬೆಂಚಿಗೆ ಬಂದು ಕೂತರು. ನಾಲ್ಕರಿಂದ ಎಂಟು ಅಂದರೂ ಡಬಲ್ಲೇ, ಒಂದರಿಂದ ಎರಡು ಅಂದರೂ ಡಬಲ್ಲೇ. ಡಬಲ್ ಆಗುವ ದೂರ ಯಾವ ಅಳತೆಗೋಲಿನಲ್ಲೂ ಡಬಲ್ಲೇ ತಾನೆ? ಕೂತವರು ಬದಲಾದರು, ಬೆಂಚಿನ ಮೇಲಿನ ಜನರ ಲೆಕ್ಕ ಮಾತ್ರ ಮೊದಲಿನಷ್ಟೇ. ಸೇರು, ಕೊಳಗ, ಲೀಟರ್ ಯಾವುದರಲ್ಲಿ ಅಳೆದರೂ ಮೂವತ್ತು ಮೂವತ್ತೇ.

ಕೈಯಲ್ಲೇ ನೋಡಬೇಕು ಅನಿಸಿದರೆ ಒಂದನ್ನು ಡಬಲ್ ಮಾಡುತ್ತಾ ಹೋಗಿ. 1, 2, 4, 8, 16, 32, 64, 128, 256, 512. ಹತ್ತರಲ್ಲಿ ಮೂರು ಆಗಲೇ ಒಂದರದ್ದು. ಏಳು ಮೊದಲ ಜಾಗಕ್ಕೆ ಬರಬೇಕಾದರೆ 46 ಸಲ ಡಬಲ್ ಮಾಡಬೇಕು. ಒಂಬತ್ತಕ್ಕೆ 53 ಸಲ. ಪಾಪ.

ನಾನು ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುವವನು, ಹಾಗಾಗಿ ಇದು ನನಗೆ ಹಪ್ಪಳಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ಕೂತು ಸುಳ್ಳು ಬಿಲ್ಲು ಬರೆಯುವವನು ಎಲ್ಲಾ ಅಂಕಿಗಳಿಗೂ ನ್ಯಾಯ ಮಾಡಲು ಹೋಗುತ್ತಾನೆ. ಅಲ್ಲೇ ಸಿಕ್ಕಿಬೀಳುತ್ತಾನೆ. ಒಮ್ಮೆ ಒಬ್ಬ ವ್ಯಾಪಾರಿಯ ಖರ್ಚಿನ ವೋಚರುಗಳಲ್ಲಿ ಒಂಬತ್ತು ವಿಪರೀತ ಇತ್ತು. 9,800, 9,500, 9,900. ಕಾರಣ ಸುಲಭ. ವ್ಯಾಪಾರದಲ್ಲಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಸಾಮಾನ್ಯವಾಗಿ ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪುವುದಿಲ್ಲ. ಜನ ಗೆರೆಯ ಒಳಗೇ ನಿಲ್ಲುತ್ತಾರೆ. ಇದರಲ್ಲಿ ಮೋಸವೇ ಇರಬೇಕು ಅಂತೇನಿಲ್ಲ, ಕೇಳಿ ನೋಡಬೇಕು ಅಷ್ಟೆ. ತಮಾಷೆ ಅಂದರೆ, 2017ರ ಏಪ್ರಿಲ್‌ಗೆ ಮೊದಲು ಆ ಗೆರೆ 20,000 ಇತ್ತು. ಆಗ 19,500 ಅಂತ ಬರೆದರೆ ಅದು ಒಂದರ ಗುಂಪಿನಲ್ಲಿ ಸೇರಿಕೊಂಡು ಕಣ್ಣಿಗೇ ಬೀಳುತ್ತಿರಲಿಲ್ಲ.

ಎಲ್ಲಾ ಕಡೆ ಇದು ನಡೆಯುವುದಿಲ್ಲ. ಹರವು ಇಲ್ಲದ ಕಡೆ, ಯಾರೋ ಕೊಟ್ಟ ನಂಬರಿನ ಕಡೆ ಬೆನ್‌ಫರ್ಡ್ ಸಾಹೇಬರ ಆಟ ಸಾಗದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲದರ ಪಿನ್‌ಕೋಡ್ 577ರಿಂದಲೇ ಶುರು. ಮೊಬೈಲ್ ನಂಬರ್ ಒಂದರಿಂದ ಶುರುವಾಗುವುದೇ ಇಲ್ಲ. ದೊಡ್ಡವರ ಎತ್ತರ ಅಡಿಯಲ್ಲಿ ಬರೆದರೆ ಹೆಚ್ಚಿನದು ಐದೇ.

ಇದಿಷ್ಟನ್ನೂ ಅವತ್ತೇ ಚಿಕ್ಕಪ್ಪನಿಗೆ ವಿವರಿಸಿದ್ದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮರುವರ್ಷ ಮಳೆಗಾಲದಲ್ಲಿ ಹೋದಾಗ ಜಗಲಿಯ ಮೇಲೆ ಹಳೆಯ ಪೇಪರುಗಳ ಕಟ್ಟು ಇಟ್ಟುಕೊಂಡು ಕಾಯುತ್ತಿದ್ದರು. “ಬಾ, ಲಿಂಗನಮಕ್ಕಿ ನೀರಿನ ಮಟ್ಟದ ಮೇಲೆ ಆಡಾಣ. ದಿನಾ ಪೇಪರಲ್ಲಿ ಅಡಿ ಲೆಕ್ಕದಲ್ಲಿ ಬರ್ತದೆ. ನನಗೆ ಒಂದು ಮಾತ್ರ ಸಾಕು. ಉಳಿದ ಎಂಟೂ ನಿನಗೆ.”

ಆ ಡ್ಯಾಂ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ತಳ ಕಂಡ ಬೇಸಿಗೆಯಲ್ಲೂ ಸಾವಿರದ ಏಳುನೂರರ ಕೆಳಗೆ ಇಳಿದದ್ದು ಯಾರೂ ನೋಡಿಲ್ಲ.