ಸೀಲ್ ಒಡೆಯದ ಹಳೇ ಎಂಜಿನ್ ಆಯಿಲ್: ಹಾಕಬಹುದೇ, ಬೇಡವೇ?

ಓದುಗರ ಪ್ರಶ್ನೆ – ಎಂಜಿನ್, ಗಾಡಿ, ಯಂತ್ರ

ಪ್ರಶ್ನೆ: ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್. ಗೋದಾಮು ಸ್ವಚ್ಛ ಮಾಡುವಾಗ ಗೊಬ್ಬರದ ಚೀಲಗಳ ಹಿಂದೆ 15ಡಬ್ಲ್ಯು-40 ಎಂಜಿನ್ ಆಯಿಲ್‌ನ ಎರಡು ಡಬ್ಬಿ ಸಿಕ್ಕವು. ಒಂದೊಂದು ಏಳೂವರೆ ಲೀಟರ್, ಸೀಲ್ ಹಾಗೇ ಇದೆ. ಮೇಲೆ 2018ರ ಪ್ಯಾಕಿಂಗ್, ಸಿಎಚ್-4 ಅಂತ ಬರೆದಿದೆ. ಕಬ್ಬಿನ ಸೀಜನ್ ಸುರು ಆಗೋದರೊಳಗ ಆಯಿಲ್ ಬದಲಿಸಬೇಕು. ಮೆಕ್ಯಾನಿಕ್ 'ಆಯಿಲ್ ಎಲ್ಲಿ ಕೆಡತೈತಿ, ಹಾಕ್ರಿ' ಅಂತಾನ. ಅಂಗಡಿಯವರು 'ಮುಟ್ಟಬ್ಯಾಡ್ರಿ' ಅಂತಾರ. ಯಾರ ಮಾತು ಕೇಳೋಣ್ರಿ?
— ಟ್ರ್ಯಾಕ್ಟರ್ ಮಾಲೀಕರು, ಮುಧೋಳ ತಾಲ್ಲೂಕು

ಉತ್ತರ: ವರ್ಷದ ವಿಚಾರಕ್ಕೆ ಆಮೇಲೆ ಬರೋಣ, ಮೊದಲು ಆ 'ಸಿಎಚ್-4' ನೋಡಿ. ಅದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗೊತ್ತುಮಾಡಿದ ಗುಣಮಟ್ಟದ ದರ್ಜೆ. 'ಸಿ'ಯಿಂದ ಸುರುವಾದರೆ ಡೀಸೆಲ್ ಎಂಜಿನ್‌ನದು, 'ಎಸ್'ನಿಂದ ಸುರುವಾದರೆ ಪೆಟ್ರೋಲ್ ಎಂಜಿನ್‌ನದು. ಸಿಎಚ್-4 ಬಂದದ್ದು 1998ರಲ್ಲಿ. ಹೊಗೆಯ ಒಂದಿಷ್ಟು ಭಾಗವನ್ನು ಮತ್ತೆ ಎಂಜಿನ್‌ಗೇ ಕಳಿಸುವ ಇಜಿಆರ್ ಎಂಜಿನ್‌ಗಳಿಗಾಗಿ ಸಿಐ-4 ಬಂದದ್ದು 2002ರಲ್ಲಿ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಸಿಎಫ್-4 ಅಥವಾ ಸಿಎಚ್-4 ಎಂದಿದ್ದರೆ ಮುಂದೆ ಓದಿ. ಸಿಐ-4 ಅಥವಾ ಅದಕ್ಕಿಂತ ಮೇಲಿನದು ಬೇಕೆಂದಿದ್ದರೆ ಈ ಡಬ್ಬಿ ನಿನ್ನೆ ಪ್ಯಾಕ್ ಆಗಿದ್ದರೂ ನಿಮ್ಮ ಎಂಜಿನ್‌ಗೆ ಬೇಡ. ಹಳೇ ಆಯಿಲ್ ಹಾಕಿ ಎಂಜಿನ್ ಕೆಟ್ಟಿತು ಎನ್ನುವ ದೂರುಗಳಲ್ಲಿ ಬಹಳಷ್ಟು ತಪ್ಪು ದರ್ಜೆಯವೇ ಇರುತ್ತವೆ. ಬೈಗುಳ ಮಾತ್ರ ವಯಸ್ಸಿಗೆ.

ಇನ್ನು ವಯಸ್ಸು. ಸೀಲ್ ಒಡೆಯದ, ನೆರಳಲ್ಲಿಟ್ಟ ಎಂಜಿನ್ ಆಯಿಲ್‌ಗೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಅವಧಿ ನಾಲ್ಕೈದು ವರ್ಷ. ನಿಮ್ಮದು ಅದನ್ನು ದಾಟಿದೆ. ದಾಟಿದ ಮರುದಿನವೇ ಅದು ವಿಷವಾಗುವುದಿಲ್ಲ. ಡಬ್ಬಿಯಲ್ಲಿರುವುದರಲ್ಲಿ ಹೆಚ್ಚಿನ ಪಾಲು ಮೂಲ ಎಣ್ಣೆ. ಗಾಳಿ ನೀರು ಸೋಕದಿದ್ದರೆ ಅದಕ್ಕೆ ಬೇಗ ಏನೂ ಆಗುವುದಿಲ್ಲ. ತೊಂದರೆ ಇರುವುದು ಅದರಲ್ಲಿ ಕಲಸಿದ ಅಡಿಟಿವ್‌ಗಳಲ್ಲಿ. ನೊರೆ ತಡೆಯುವ ಸಿಲಿಕೋನ್ ಎಣ್ಣೆಯಲ್ಲಿ ಕರಗಿರುವುದಿಲ್ಲ, ಸಣ್ಣ ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ವರ್ಷಗಟ್ಟಲೆ ಅಲುಗಾಡದೆ ಕುಳಿತರೆ ಅದು ಬೇರ್ಪಡುತ್ತದೆ. ಆಮೇಲೆ ಎಂಜಿನ್‌ನಲ್ಲಿ ಆಯಿಲ್ ನೊರೆ ಕಟ್ಟಿ, ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ತಳ್ಳಿ, ಪ್ರೆಷರ್ ಬೀಳುತ್ತದೆ. ಕ್ಯಾಮ್, ಟ್ಯಾಪೆಟ್ ಸವೆಯದಂತೆ ಕಾಯುವ ಸತು-ರಂಜಕದ ಅಡಿಟಿವ್‌ಗೆ ನೀರು ಕಂಡರೆ ಆಗುವುದಿಲ್ಲ, ತೇವ ಸೇರಿದರೆ ಅದು ಒಡೆದುಹೋಗುತ್ತದೆ.

ಹಾಗಾಗಿ ಡಬ್ಬಿ ಎಷ್ಟು ವರ್ಷ ಇತ್ತು ಎನ್ನುವಷ್ಟೇ ಎಲ್ಲಿತ್ತು ಎನ್ನುವುದೂ ಮುಖ್ಯ. ಪತ್ರಾಸಿನ ಶೆಡ್ಡಿನಲ್ಲಿದ್ದರೆ ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ದಿನವೂ ಕಾದು ರಾತ್ರಿ ತಣ್ಣಗಾಗಿರುತ್ತದೆ. ಗೊಬ್ಬರದ ಪಕ್ಕ ಇಟ್ಟದ್ದು ಇನ್ನೊಂದು ಕಿರಿಕಿರಿ: ಯೂರಿಯಾ ತೇವ ಎಳೆಯುತ್ತದೆ, ಒಡೆದ ಚೀಲದಿಂದ ಉಪ್ಪುಪ್ಪಾದ ನೀರು ನೆಲಕ್ಕಿಳಿಯುತ್ತದೆ. ತಗಡಿನ ಡಬ್ಬಿಯಾದರೆ ತಳ ಮೇಲೆ ಮಾಡಿ ಅಂಚನ್ನು ಉಗುರಿನಿಂದ ಕೆರೆದು ನೋಡಿ. ತುಕ್ಕಿನ ಪುಡಿ ಉದುರಿ ಕೆಳಗೆ ಎಣ್ಣೆಯ ಪಸೆ ಕಂಡರೆ ಸೂಜಿಮೊನೆಯಷ್ಟು ತೂತು ಬಿದ್ದಿದೆ ಎಂದರ್ಥ. ಆ ಡಬ್ಬಿ ಬಿಟ್ಟುಬಿಡಿ. ಪ್ಲಾಸ್ಟಿಕ್ ಕ್ಯಾನ್ ಆದರೆ ಮುಚ್ಚಳದ ಒಳಗಿನ ಬೆಳ್ಳಿ ಹಾಳೆ ಸುತ್ತಲೂ ಬಿಗಿಯಾಗಿ ಅಂಟಿರಬೇಕು.

ಪರೀಕ್ಷೆ ಹೀಗೆ ಮಾಡಿ. ಡಬ್ಬಿಯನ್ನು ಮೂರು-ನಾಲ್ಕು ದಿನ ಅಲುಗಾಡಿಸದೆ ನೆಟ್ಟಗೆ ಇಡಿ. ಆಮೇಲೆ ಮುಚ್ಚಳ ತೆಗೆದು, ಒಣಗಿದ ಸ್ವಚ್ಛ ಪಾರದರ್ಶಕ ಪೈಪಿನ ತುಂಡೊಂದರ ಮೇಲ್ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೆಳತುದಿಯನ್ನು ತಳ ಮುಟ್ಟಿಸಿ. ಬೆರಳು ಸಡಿಲಿಸಿದರೆ ತಳದ ಎಣ್ಣೆ ಪೈಪಿಗೆ ಏರುತ್ತದೆ. ಮತ್ತೆ ಒತ್ತಿ ಹಿಡಿದು ಎತ್ತಿ, ಗಾಜಿನ ಲೋಟಕ್ಕೆ ಬಿಡಿ. ಮೇಲಿನ ಎಣ್ಣೆ ಸುರಿದು ನೋಡಿದರೆ ಪ್ರಯೋಜನವಿಲ್ಲ. ಕೆಟ್ಟದ್ದೆಲ್ಲ ಕೂರುವುದು ತಳದಲ್ಲಿ. ಬಿಸಿಲಿಗೆ ಹಿಡಿದಾಗ ಜೇನುಬಣ್ಣ, ತಿಳಿ ಇರಬೇಕು. ಹಾಲು ಬೆರೆತಂತಿದ್ದರೆ ನೀರು ಸೇರಿದೆ. ಬೆರಳಿಗೆ ಜೆಲ್ಲಿಯಂಥದ್ದು, ಕಾಳಿನಂಥದ್ದು ಸಿಕ್ಕರೆ ಅಡಿಟಿವ್ ಇಳಿದಿದೆ, ಅದನ್ನು ಕುಲುಕಿ ಮತ್ತೆ ಸೇರಿಸಲು ಬರುವುದಿಲ್ಲ. ಹುಳಿ ವಾಸನೆ ಬಂದರೂ ಬೇಡ.

ಕಣ್ಣಿಗೆ ಕಾಣದ ನೀರಿಗೆ ಇನ್ನೊಂದು ಪರೀಕ್ಷೆ. ಹಳೇ ಕಬ್ಬಿಣದ ತಟ್ಟೆಯನ್ನು, ನೀರಿನ ಹನಿ ಬಿದ್ದ ಕೂಡಲೇ ಕುದಿದು ಆರುವಷ್ಟು ಕಾಯಿಸಿ. ಒಲೆಯಿಂದ ಕೆಳಗಿಳಿಸಿದ ಮೇಲೆ ಕಡ್ಡಿಯಿಂದ ತಳದ ಎಣ್ಣೆಯ ಎರಡೇ ಹನಿ ಬಿಡಿ. ಸುಮ್ಮನೆ ಹರಡಿದರೆ ಸರಿ. ಗುಳ್ಳೆ ಎದ್ದು ಚಟಪಟ ಎಂದರೆ ನೀರಿದೆ. ಸುಮಾರು ಶೇ. 0.1ರಷ್ಟು ನೀರಿದ್ದರೂ ಈ ಸದ್ದು ಕೇಳುತ್ತದೆ. ಕಣ್ಣು ಮುಖ ದೂರ ಇರಲಿ.

ಇಷ್ಟರಲ್ಲೂ ಪಾಸಾದರೆ? ಆಗಲೂ ಕಬ್ಬಿನ ಸೀಜನ್‌ಗೆ ಇದನ್ನು ಹಾಕಬೇಡಿ ಎನ್ನುವುದೇ ನಮ್ಮ ಸಲಹೆ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಏರು ಹತ್ತುವಾಗ ಆಯಿಲ್ ವರ್ಷದಲ್ಲೇ ಹೆಚ್ಚು ಕಾಯುವ ದಿನಗಳು ಅವು. ಸೀಜನ್‌ಗೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಸೀಜನ್ ಮುಗಿದು ಹಗುರ ಕೆಲಸ ಇರುವಾಗ ಹಳೆಯದನ್ನು ಚೆನ್ನಾಗಿ ಕುಲುಕಿ ತುಂಬಿ. 250 ತಾಸಿಗೆ ಬದಲಿಸುವವರು 125ಕ್ಕೇ ತೆಗೆದುಬಿಡಿ. ತುಂಬಿದ ದಿನ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಇನ್ನೊಂದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಆಗಲೂ ಅದರ ಮೇಲೆ ನೊರೆ ನಿಂತಿದ್ದರೆ ಅಂದೇ ಖಾಲಿ ಮಾಡಿ. ಗ್ಯಾರಂಟಿ ಅವಧಿಯಲ್ಲಿರುವ ಟ್ರ್ಯಾಕ್ಟರ್‌ಗಂತೂ ಯಾವ ಕಾಲಕ್ಕೂ ಬೇಡ. ಅರ್ಧ ಹಳೆಯದು ಅರ್ಧ ಹೊಸದು ಕಲಸಿದರೆ ನಡೆದೀತು ಎಂದು ಕೆಲವರು ಹೇಳುತ್ತಾರೆ. ಕಲಸಲು ಅಡ್ಡಿಯೇನಿಲ್ಲ, ಬೆರೆಯುತ್ತದೆ. ಆದರೆ ಕೆಟ್ಟ ಆಯಿಲ್ ಅದರಿಂದ ಒಳ್ಳೆಯದಾಗುವುದಿಲ್ಲ, ಕೊಂಡ ಹೊಸದು ಮಾತ್ರ ಹಾಳು.

ಪ್ರಶ್ನೆ: ಗ್ಯಾರೇಜಿನ ಹಿಂದೆ 210 ಲೀಟರಿನ ಆಯಿಲ್ ಬ್ಯಾರಲ್ ಮಳೆಗಾಲವೆಲ್ಲ ಹೊರಗೇ ನಿಂತಿತ್ತು. ಬೂಚು ಬಿಗಿಯಾಗಿದೆ, ಸೀಲ್ ತೆಗೆದಿಲ್ಲ. ನೀರು ಹೋಗಿರಲಿಕ್ಕೆ ಸಾಧ್ಯವೇ?
— ಲಾರಿ ಗ್ಯಾರೇಜ್, ಬೆಳಗಾವಿ

ಉತ್ತರ: ಸಾಧ್ಯ. ಬೆಳಗಾವಿಯ ಮಳೆಯಲ್ಲಂತೂ ಖಂಡಿತ ಅನುಮಾನಪಡಬೇಕು. ನೆಟ್ಟಗೆ ನಿಂತ ಬ್ಯಾರಲಿನ ಮೇಲಂಚು ತಟ್ಟೆಯಂತೆ ನೀರು ಹಿಡಿಯುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಉಬ್ಬಿ ಬೂಚಿನ ಮರೆಯಿಂದ ಹೊರಬರುತ್ತದೆ. ಮಳೆ ಬಿದ್ದು ತಣ್ಣಗಾದಾಗ ಅದೇ ದಾರಿಯಲ್ಲಿ ಮೇಲೆ ನಿಂತ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಹೈಡ್ರಾಲಿಕ್ ಆಯಿಲ್ ಆಗಿದ್ದರೆ ನೀರು ಬೇರ್ಪಟ್ಟು ತಳಕ್ಕಿಳಿಯುತ್ತಿತ್ತು. ಎಂಜಿನ್ ಆಯಿಲ್ ಹಾಗಲ್ಲ, ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ತಳದ ಎಣ್ಣೆ ಚೆಲ್ಲಿ ಮೇಲಿನದು ಬಳಸುತ್ತೇವೆ ಎನ್ನಬೇಡಿ. ಮೇಲಿನದು, ನಡುವಿನದು, ತಳದ್ದು ಮೂರನ್ನೂ ಕಾದ ತಟ್ಟೆಯ ಮೇಲೆ ನೋಡಿ. ಒಂದು ಚಟಪಟ ಎಂದರೂ ಆ ಬ್ಯಾರಲ್ ಎಂಜಿನ್‌ಗೆ ಹೋಗಬಾರದು. ಮುಂದೆ ಬ್ಯಾರಲ್ಲನ್ನು ಒಳಗಿಡಿ. ಜಾಗವಿಲ್ಲದಿದ್ದರೆ ಎರಡು ಬೂಚೂ ಒಂದೇ ಮಟ್ಟದಲ್ಲಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಅಡ್ಡ ಮಲಗಿಸಿ. ಆಗ ಬೂಚು ಎಣ್ಣೆಯಲ್ಲಿ ಮುಳುಗಿರುತ್ತದೆ, ಗಾಳಿಯಾಡುವುದಿಲ್ಲ. ಉರುಳದಂತೆ ಕಟ್ಟಿಗೆಯ ಅಡ್ಡಿ ಕೊಡಿ.

ಪ್ರಶ್ನೆ: ದ್ರಾಕ್ಷಿಗೆ ಔಷಧ ಹೊಡೆಯುವ ಟೂ-ಸ್ಟ್ರೋಕ್ ಸ್ಪ್ರೇಯರ್ ಇದೆ. ಸೀಲ್ ಇರುವ 2ಟಿ ಆಯಿಲ್ ಬಾಟಲಿ ಎರಡು ವರ್ಷದ್ದು. ಕಳೆದ ಹಂಗಾಮಿನಲ್ಲಿ ಪೆಟ್ರೋಲಿಗೆ ಕಲಸಿಟ್ಟದ್ದೂ ಎರಡು ಲೀಟರ್ ಉಳಿದಿದೆ. ಯಾವುದು ನಡೆಯುತ್ತದೆ?
— ಬೆಳೆಗಾರರು, ತಿಕೋಟಾ

ಉತ್ತರ: ಬಾಟಲಿ ನಡೆಯುತ್ತದೆ, ಚೆನ್ನಾಗಿ ಕುಲುಕಿ ಬಳಸಿ. ಕಲಸಿಟ್ಟದ್ದು ಬೇಡವೇ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ (ನಮ್ಮ ಕಬ್ಬಿನ ಫ್ಯಾಕ್ಟರಿಗಳೇ ಮಾಡಿದ್ದೂ ಇರಬಹುದು). ಅದು ಗಾಳಿಯ ತೇವ ಹೀರುತ್ತದೆ, ತೇವ ಮಿತಿಮೀರಿದರೆ ನೀರೂ ಎಥನಾಲೂ ಸೇರಿ ಬೇರೆ ಪದರವಾಗಿ ತಳದಲ್ಲಿ ನಿಲ್ಲುತ್ತದೆ. 2ಟಿ ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಮೊದಲು ಇಳಿಯುವುದು ತಳದ್ದು, ಅಂದರೆ ಎಣ್ಣೆಯಿಲ್ಲದ್ದು. ಪಿಸ್ಟನ್ ಜಾಮ್ ಆಗಲು ಅಷ್ಟು ಸಾಕು. ಒಂದು ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳಿ: ಪುಸ್ತಕದಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಕಣ್ಣಂದಾಜು ಬೇಡ, ಔಷಧದ ಅಳತೆ ಲೋಟವೂ ಬೇಡ, ಬೇರೆಯದೊಂದು ಇಟ್ಟುಕೊಳ್ಳಿ.

ಪ್ರಶ್ನೆ: ಕಾರು ಮಾರಿದೆವು, ಅದರ 5ಡಬ್ಲ್ಯು-30 ಆಯಿಲ್‌ನ ಸೀಲ್ ಡಬ್ಬಿ ಉಳಿದಿದೆ. ಬೈಕಿಗೆ ಹಾಕಬಹುದೇ?
— ಗೋಕಾಕ

ಉತ್ತರ: ಬೇಡ. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ಗೆ ಜಾರಿಕೆ ಹೆಚ್ಚಿಸುವ ಅಡಿಟಿವ್ ಹಾಕಿರುವುದುಂಟು. ಅದರಿಂದ ಕ್ಲಚ್ ಜಾರಿ, ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಬೈಕಿನ ಬಾಟಲಿ ಮೇಲೆ ಜಾಸೋ (ಜಪಾನಿನ ವಾಹನ ಗುಣಮಟ್ಟ) ಎಂಎ ಅಥವಾ ಎಂಎ2 ಎಂದಿರಬೇಕು. ನಿಮ್ಮ ಡಬ್ಬಿಯ ದರ್ಜೆಯೇ ಬೇಕಿರುವ ಕಾರು ಪರಿಚಯದವರಲ್ಲಿದ್ದರೆ ಕೊಟ್ಟುಬಿಡಿ.

ಪ್ರಶ್ನೆ: ಅರ್ಧ ಬಳಸಿ ಮುಚ್ಚಿಟ್ಟ ಬ್ರೇಕ್ ಆಯಿಲ್ ಎರಡು ವರ್ಷದಿಂದ ಇದೆ. ಅದಕ್ಕೂ ಇದೇ ಲೆಕ್ಕವೇ?
— ಜಮಖಂಡಿ

ಉತ್ತರ: ಅಲ್ಲ, ಇಲ್ಲಿ ಯಾವ ಪರೀಕ್ಷೆಯೂ ಬೇಡ, ಬಳಸಲೇಬೇಡಿ. ಬ್ರೇಕ್ ಆಯಿಲ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯಿಂದ ನೀರು ಎಳೆಯುವ ದ್ರವಗಳು. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ದ್ರವ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಕೂರುತ್ತದೆ. ಚಿಕ್ಕ ಬಾಟಲಿ ಕೊಂಡು, ಸೀಲ್ ಒಡೆದ ದಿನವೇ ಮುಗಿಸಿ.