ಮೂಲ ಸಂಕೇತದಿಂದ ಕಟ್ಟಿದ ತಂತ್ರಾಂಶಕ್ಕೆ ಕನ್ನಡ ಕಡತ ಸಿಗದಿದ್ದರೆ

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶದ ಮೂಲಕ ಪಠ್ಯವಾಗಿಸುತ್ತಿದ್ದೇವೆ. ನಮ್ಮ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು 22.04ರಲ್ಲಿ ಸಿಕ್ಕ 4.1.1 ಆವೃತ್ತಿ ಒತ್ತಕ್ಷರಗಳಲ್ಲಿ ಬಹಳ ತಪ್ಪುತ್ತಿತ್ತು. ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕಂಪೈಲ್ ಮಾಡಿ, ಅಂದರೆ ಓಡುವ ತಂತ್ರಾಂಶವಾಗಿ ಪರಿವರ್ತಿಸಿ, 5ನೆಯ ಆವೃತ್ತಿ ಹಾಕಿಕೊಟ್ಟ. ಈಗ ಕನ್ನಡ ಅಕ್ಷರಗಳನ್ನು ಗುರುತಿಸಲು ಬೇಕಾದ ಕನ್ನಡದ ಕಡತವೇ ಇಲ್ಲವೆಂದು ದೋಷ ಬರುತ್ತಿದೆ. ಉಬುಂಟುವಿನಲ್ಲಿ ಸಿದ್ಧ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಎಪಿಟಿ ಮೂಲಕ ತೆಗೆದುಹಾಕಿದರೂ ಹೊಸ ಆವೃತ್ತಿ ಹೋಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಮಗ ಹಾಕಿದ್ದು ಕೆಟ್ಟಿಲ್ಲ, ಅದು ಬೇರೆ ಜಾಗದಲ್ಲಿ ಹುಡುಕುತ್ತಿದೆ, ಅಷ್ಟೆ. ಉಬುಂಟುವಿನ ಪ್ಯಾಕೇಜು ಕನ್ನಡದ ಕಡತವನ್ನು ‘/ಯುಎಸ್‌ಆರ್/ಶೇರ್’ ಅಡಿಯಲ್ಲಿ ಇರಿಸುತ್ತದೆ. ಕೈಯಾರೆ ಕಂಪೈಲ್ ಮಾಡಿದ ತಂತ್ರಾಂಶವು, ಬೇರೇನೂ ಸೂಚಿಸದಿದ್ದರೆ, ‘/ಯುಎಸ್‌ಆರ್/ಲೋಕಲ್’ ಅಡಿಯಲ್ಲಿ ಕೂತು ಅಲ್ಲಿಯೇ ತನ್ನ ಕಡತಗಳನ್ನು ಅರಸುತ್ತದೆ. ಆದೇಶವನ್ನು ಹುಡುಕುವಾಗ ಶೆಲ್ (ಟರ್ಮಿನಲ್‌ನಲ್ಲಿ ಕೊಟ್ಟ ಆದೇಶಗಳನ್ನು ಓಡಿಸುವ ತಂತ್ರಾಂಶ) ಸಾಮಾನ್ಯವಾಗಿ ಮೊದಲು ‘ಲೋಕಲ್’ ಅನ್ನೇ ನೋಡುವುದರಿಂದ, ಎರಡೂ ಇದ್ದಾಗ ಓಡುವುದು ಮಗ ಹಾಕಿದ್ದೇ. ಇನ್ನು ಎಪಿಟಿಯು ತಾನು ಹಾಕಿದ ಕಡತಗಳ ಲೆಕ್ಕವನ್ನು ಮಾತ್ರ ಇಟ್ಟಿರುತ್ತದೆ. ಕಂಪೈಲ್ ಮಾಡಿದ್ದನ್ನು ಸ್ಥಾಪಿಸುವ ‘ಮೇಕ್ ಇನ್‌ಸ್ಟಾಲ್’ ಆದೇಶ ತಂದಿಟ್ಟದ್ದು ಅದರ ಖಾತೆಯಲ್ಲಿಲ್ಲ. ಆದ್ದರಿಂದ ಅದು ತೆಗೆಯುವುದೂ ಇಲ್ಲ, ಮುಂದೆ ಭದ್ರತಾ ತಿದ್ದುಪಡಿ ಬಂದಾಗ ನವೀಕರಿಸುವುದೂ ಇಲ್ಲ. ಈ ಎರಡನೆಯದು, ನನ್ನ ದೃಷ್ಟಿಯಲ್ಲಿ, ದೊಡ್ಡ ತೊಂದರೆ: ಸಂಘದ ಕಂಪ್ಯೂಟರನ್ನು ನೋಡಿಕೊಳ್ಳುವವರು ಬದಲಾದ ಮೇಲೆ ಇಂಥದ್ದೊಂದು ಒಳಗಿದೆ ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.

ಆದರೆ ನಿಮಗೆ ಬೇಕಾದ ಲಾಭ ಆವೃತ್ತಿಯ ಸಂಖ್ಯೆಯಲ್ಲಿ ಅಷ್ಟಾಗಿ ಇಲ್ಲ. ನರಜಾಲ ಆಧಾರಿತ ಗುರುತಿಸುವಿಕೆ 4ನೆಯ ಆವೃತ್ತಿಯಲ್ಲೇ ಬಂದಿತ್ತು; 5 ಕೂಡ ಅದೇ ಭಾಷಾ ಕಡತಗಳನ್ನು ಓದುತ್ತದೆ. ಉಬುಂಟು ಕೊಡುವುದು ವೇಗಕ್ಕಾಗಿ ಹಗುರಗೊಳಿಸಿದ ‘ಫಾಸ್ಟ್’ ಕಡತ. ನಿಖರತೆಗೆ ಒತ್ತುಕೊಟ್ಟ, ನಿಧಾನವಾಗಿ ಓಡುವ ‘ಬೆಸ್ಟ್’ ಎಂಬ ಕನ್ನಡ ಕಡತ ಟೆಸೆರಾಕ್ಟ್‌ನ ಗಿಟ್‌ಹಬ್ ಸಂಗ್ರಹದಲ್ಲಿದೆ. ಅದನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇರಿಸಿ, ಆದೇಶದಲ್ಲಿ ‘ಟೆಸ್‌ಡೇಟಾ ಡಿಐಆರ್’ (--tessdata-dir) ಆಯ್ಕೆಯಿಂದ ಆ ಜಾಗವನ್ನು ತೋರಿಸಿದರೆ ಸಾಕು, ಕಂಪೈಲ್ ಮಾಡುವ ಗೋಜೇ ಬೇಡ. ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕೆಗಳು ಎಂಬ ಅಳತೆ) ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಒತ್ತಕ್ಷರದ ಸಣ್ಣ ಕೊಂಡಿಗಳು ಚಿತ್ರದಲ್ಲೇ ಮಸುಕಾಗಿದ್ದರೆ ಯಾವ ಆವೃತ್ತಿಯೂ ಅವನ್ನು ಊಹಿಸಲಾರದು. 5ನೆಯ ಆವೃತ್ತಿಯೇ ಬೇಕಾದರೆ ಉಬುಂಟು 24.04ರ ಪ್ಯಾಕೇಜಿನಲ್ಲಿ 5.3.4 ಇದೆ.

ಮೂಲ ಸಂಕೇತದ ದಾರಿ ತಪ್ಪೆಂದು ನಾನು ಹೇಳುತ್ತಿಲ್ಲ. ಸಂಕೇತವನ್ನೇ ತಿದ್ದಬೇಕಾದಾಗ, ಅಥವಾ ಪ್ಯಾಕೇಜಿಗೆ ಇನ್ನೂ ಬಾರದ ಪರಿಹಾರವೊಂದು ತುರ್ತಾಗಿ ಬೇಕಾದಾಗ ಅದೇ ಸರಿ. ಆಗಲೂ ಕಂಪೈಲ್‌ಗೆ ಮುಂಚಿನ ‘ಕಾನ್ಫಿಗರ್’ ಹಂತದಲ್ಲಿ, ಎಲ್ಲಿ ಹಾಕಬೇಕೆಂದು ತಿಳಿಸುವ ‘ಪ್ರಿಫಿಕ್ಸ್’ ಆಯ್ಕೆ ಕೊಟ್ಟು ಪ್ರತ್ಯೇಕ ಫೋಲ್ಡರಿಗೆ ಹಾಕಿಸುವಂತೆ ಮಗನಿಗೆ ಹೇಳಿ. ಬೇಡವಾದಾಗ ಆ ಫೋಲ್ಡರನ್ನು ಅಳಿಸಿದರೆ ಕೆಲಸ ಮುಗಿಯಿತು.

ಸದ್ಯಕ್ಕೆ, ಅವನು ಕಂಪೈಲ್ ಮಾಡಿದ ಫೋಲ್ಡರಿಗೆ ಹೋಗಿ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಕೊಡಿ. ಫೋಲ್ಡರ್ ಅಳಿಸಿಹೋಗಿದ್ದರೆ ಅದೇ ಆವೃತ್ತಿಯನ್ನು ಮತ್ತೆ ಇಳಿಸಿಕೊಂಡು, ಅದೇ ಆಯ್ಕೆಗಳಲ್ಲಿ ಕಾನ್ಫಿಗರ್ ಮಾಡಿ ಈ ಆದೇಶ ಕೊಡಬಹುದು. ನಂತರ, ಹಂಚಿಕೆಯ ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ‘ಸುಡೊ ಎಲ್‌ಡಿಕಾನ್ಫಿಗ್’ ಓಡಿಸಿ, ಟೆಸೆರಾಕ್ಟ್ ಮತ್ತು ಅದರ ಕನ್ನಡ ಪ್ಯಾಕೇಜನ್ನು ಎಪಿಟಿಯಿಂದ ಮತ್ತೆ ಹಾಕಿಕೊಳ್ಳಿ. ಹಳೆಯ ಟರ್ಮಿನಲ್ ಮುಚ್ಚಿ ಹೊಸದನ್ನು ತೆರೆಯಿರಿ. ಇಲ್ಲದಿದ್ದರೆ ಶೆಲ್ ನೆನಪಿಟ್ಟುಕೊಂಡ ಹಳೆಯ ಜಾಗಕ್ಕೇ ಹೋಗಿ, ಕಡತವಿಲ್ಲವೆಂಬ ಇನ್ನೊಂದು ದೋಷ ತೋರಿಸಬಹುದು.